ಹಳೆ ದೋಣಿಯ ದಾಖಲೆ ಬಂದರು ಧಕ್ಕೆಯಲ್ಲೇ ನೋಡಲು ಸಿಗಲಿ

ಮಾನ್ಯ ಸಂಪಾದಕರೇ,

ನನ್ನದು ಗಂಗೊಳ್ಳಿ ಹತ್ತಿರದ ಊರು. ಹದಿನೆಂಟು ವರ್ಷ ಬೇರೆಯವರ ಬೋಟಿನಲ್ಲಿ ದುಡಿದು, ಕಳೆದ ಮೇ ತಿಂಗಳಲ್ಲಿ ಸ್ವಂತದ್ದು ಅಂತ ಒಂದು ಹಳೆ ದೋಣಿ ಮಾಡಿದೆ. ಫೈಬರ್ ನಾಡದೋಣಿ, 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಇಂಜಿನ್, ಒಂದಿಷ್ಟು ಬಲೆ ಸೇರಿ 2.4 ಲಕ್ಷ. ಅರ್ಧ ದುಡ್ಡು ಹೆಂಡತಿಯ ಬಳೆಯದ್ದು.

ಜೂನ್ 1ರಿಂದ ಜುಲೈ 31ರವರೆಗೆ ದೊಡ್ಡ ಬೋಟುಗಳಿಗೆ ರಜೆ. 10 ಅಶ್ವಶಕ್ತಿಯೊಳಗಿನ ನಾಡದೋಣಿ ಮಾತ್ರ ಕಡಲಿಗೆ ಇಳಿಯಬಹುದು. ಮಳೆಗಾಲದ ಸಿಗಡಿಯ ಆಸೆಗೆ ಮೇ ಕೊನೆಯಲ್ಲಿ ಹಳೆ ದೋಣಿಗೆ ಎಲ್ಲಿಲ್ಲದ ಗಿರಾಕಿ. ಇವತ್ತು ಮುಂಗಡ ಕೊಡದಿದ್ದರೆ ನಾಳೆ ಬೈಂದೂರು ಕಡೆಯವರು ಒಯ್ಯುತ್ತಾರೆ ಎಂದು ದಲ್ಲಾಳಿ ಅವಸರ ಮಾಡಿದ. ಕಾಗದ ಕೇಳಿದ್ದಕ್ಕೆ ಮಾರುವವ, “ಕಡ್ಲಗೆ ಕಾಗ್ದ ಯಾರ್ ಕೇಂತ್ರ್ ಮಾರಾಯಾ?” ಎಂದು ನಕ್ಕ. 2008ರಲ್ಲಿ ಉಗ್ರರು ಪೋರಬಂದರಿನ ‘ಕುಬೇರ’ ಬೋಟನ್ನು ಅಪಹರಿಸಿ ಮುಂಬೈಗೆ ಬಂದ ಮೇಲೆ ಕಡಲಲ್ಲಿ ಕಾಗದ ಕೇಳುವವರು ಎಷ್ಟು ಜನ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಆದರೂ ನಾನೂ ನಕ್ಕೆ.

ಕೊನೆಗೆ ನೋಂದಣಿ ಪತ್ರದ ಜೆರಾಕ್ಸ್ ಕೊಟ್ಟ. ದೋಣಿಯ ಮುಂಬದಿಯಲ್ಲಿ ಐಎನ್‌ಡಿ-ಕೆಎ-02 ಎಂದು ಶುರುವಾಗುವ ನಂಬರು ಹೊಸ ಪೇಂಟಿನಲ್ಲಿ ಹೊಳೆಯುತ್ತಿತ್ತು. ಎರಡನ್ನೂ ತಾಳೆ ನೋಡಿದೆ, ಸರಿ ಇತ್ತು. ಛಾಪಾ ಕಾಗದದ ಮೇಲೆ ಕರಾರು ಬರೆದು ದುಡ್ಡು ಎಣಿಸಿಕೊಟ್ಟೆ.

ಪರ್ಮಿಟ್ ನನ್ನ ಹೆಸರಿಗೆ ಮಾಡಿಸಲು ಹೋದಾಗ ಮೀನುಗಾರಿಕಾ ಇಲಾಖೆ ಕಚೇರಿಯ ಗುಮಾಸ್ತರು ಕೇಳಿದ್ದು ಒಂದೇ ಮಾತು: “ಹಿಂದಿನ ಪುಟ ಎಲ್ಲಿ?” ನನ್ನ ಕೈಯಲ್ಲಿದ್ದದ್ದು ಒಂದೇ ಮಗ್ಗುಲಿನ ಜೆರಾಕ್ಸ್. ಅವರು ತಮ್ಮ ಕಡತ ತೆಗೆದು ತೋರಿಸಿದರು. ಹಿಂದಿನ ಪುಟದಲ್ಲಿ ಸಾಲದ ಷರಾ ಇತ್ತು, ತೀರಿದ ಗುರುತು ಇರಲಿಲ್ಲ. ಮಾಲೀಕರ ಹೆಸರೂ ಮಾರಿದವನದಲ್ಲ, ಎರಡು ವರ್ಷದ ಹಿಂದೆ ತೀರಿಕೊಂಡ ಅವನ ಅಪ್ಪನದು. ಇಬ್ಬರದೂ ಒಂದೇ ಇನಿಶಿಯಲ್ ಆದ್ದರಿಂದ ನನಗೆ ಹೊಳೆದಿರಲಿಲ್ಲ. ಆ ಮನೆಯಲ್ಲಿ ಇನ್ನೂ ಮೂವರು ಮಕ್ಕಳಿದ್ದಾರೆ. ಮಾರಾಟದ ಸುದ್ದಿ ಅವರಿಗೆ ಗೊತ್ತಾದದ್ದು ನಾನು ಹೋಗಿ ಬಾಗಿಲು ತಟ್ಟಿದ ಮೇಲೆ. ಇಂಜಿನ್ನಿನ ನಂಬರು ಕೂಡ ಕಡತದ್ದಲ್ಲ. ಮನೆಗೆ ಬಂದು ಟಾರ್ಚ್ ಹಿಡಿದು ನೋಡಿದರೆ, ನಂಬರಿನ ತಗಡಿಗೆ ಹೊಡೆದ ರಿವೆಟ್‌ಗಳಲ್ಲಿ ಎರಡು ಹಸಿರುಗಟ್ಟಿದ್ದವು, ಎರಡು ಪಳಪಳ ಅನ್ನುತ್ತಿದ್ದವು.

ಕುಂದಾಪುರದ ವಕೀಲರು 1930ರ ಸರಕು ಮಾರಾಟ ಕಾಯಿದೆಯ 27ನೇ ಕಲಂ ಓದಿ ಹೇಳಿದರು: ತನಗೇ ಇಲ್ಲದ ಹಕ್ಕನ್ನು ಮಾರುವವ ಇನ್ನೊಬ್ಬರಿಗೆ ಕೊಡಲಾರ. ನಾನು ಪೂರ್ತಿ ದುಡ್ಡು ಕೊಟ್ಟಿದ್ದೇನೆ, ಮೋಸ ಮಾಡಿಲ್ಲ ಎಂದೆ. ಅದಕ್ಕೆ ಅವರು, ಆ ದುಡ್ಡನ್ನು ಮಾರಿದವನ ಹತ್ತಿರವೇ ಕೇಳಬೇಕು ಎಂದರು. ಅವನು ಈಗ ಫೋನ್ ಎತ್ತುವುದಿಲ್ಲ.

ತಪ್ಪು ನನ್ನದೂ ಇದೆ, ಒಪ್ಪುತ್ತೇನೆ. ಅರ್ಧ ದಿನದ ದುಡಿಮೆ ಬಿಟ್ಟು ಕಚೇರಿಗೆ ಹೋಗಿ ಮೂಲ ಪತ್ರದ ಎರಡೂ ಪುಟ ನೋಡಬೇಕಿತ್ತು. ವಾರಸುದಾರರ ಒಪ್ಪಿಗೆ, ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರ ಕೈಗೆ ಬರುವವರೆಗೆ ಮುಂಗಡ ಕೊಡಬಾರದಿತ್ತು. ಆದರೆ ಜಾಗ ಕೊಳ್ಳುವವನಿಗೆ ಪಹಣಿ ನೋಡಬೇಕು, ಇಸಿ (ಋಣಭಾರ ಪತ್ರ) ತೆಗೆಸಬೇಕು ಎಂದು ಹೇಳಿಕೊಡಲು ಊರಿಡೀ ಜನ ಇದ್ದಾರೆ. ದೋಣಿ ಕೊಳ್ಳುವವನಿಗೆ ಸಿಗುವುದು ದಲ್ಲಾಳಿ ಮಾತ್ರ.

ಮೀನುಗಾರಿಕಾ ಇಲಾಖೆಯವರಲ್ಲಿ ನನ್ನ ಕೋರಿಕೆ ಇಷ್ಟೇ. ದೋಣಿಗಳು ಕೈ ಬದಲಾಗುವ ಮೇ ತಿಂಗಳಲ್ಲಿ ವಾರಕ್ಕೊಂದು ದಿನ ಒಬ್ಬ ಸಿಬ್ಬಂದಿ ಧಕ್ಕೆಯಲ್ಲಿ ಕೂರಲಿ. ನಂಬರು ಹೇಳಿದರೆ ಮಾಲೀಕರು ಯಾರು, ಸಾಲ ಇದೆಯೇ, ಯಾವ ಇಂಜಿನ್ ಎಂಬ ಮೂರು ಸಂಗತಿ ತಿಳಿಸಲಿ. ಶುಲ್ಕ ಇಟ್ಟರೂ ಕೊಡುತ್ತೇವೆ.

ದೋಣಿ ಈಗ ತೆಂಗಿನ ಮರದಡಿ ಮಗುಚಿ ಬಿದ್ದಿದೆ. ಇಂಜಿನ್ನಿಗೆ ವಾರಕ್ಕೊಮ್ಮೆ ಸಿಹಿನೀರು ಹಾಯಿಸಿ ಒರೆಸಿಡುತ್ತೇನೆ, ಯಾರದ್ದೋ ಏನೋ.

– ಒಬ್ಬ ನಾಡದೋಣಿ ಮೀನುಗಾರ, ಕುಂದಾಪುರ ತಾಲ್ಲೂಕು