ಹತ್ತು ಮಾತ್ರೆ ಎಣಿಸಿ ಕೊಟ್ಟರೆ ಸಾವು ಇಳಿಯುತ್ತದೆಯೇ?

ಮಾನ್ಯರೇ,

ಜಗತ್ತಿನಲ್ಲಿ ಎಚ್‌ಐವಿ ಸಾವು ಇಳಿದಿದೆ ಎಂಬ ನಿಮ್ಮ ಸೋಮವಾರದ ವರದಿಯನ್ನು ನಾನು ಓದಿದ್ದು ಎಚ್‌ಐವಿ ಔಷಧ ಉಚಿತವಾಗಿ ಕೊಡುವ ಸರ್ಕಾರಿ ಎಆರ್‌ಟಿ ಕೇಂದ್ರದ ಹೊರಗೆ, ಗೋಡೆಗೆ ಒರಗಿ ನಿಂತು. ಅತ್ತಿಗೆಯ ಮಾತ್ರೆಗೆಂದು ಬೆಳಗಿನ ಐದೂಮುಕ್ಕಾಲರ ಬಸ್ಸಿಗೆ ಹೊರಟಿದ್ದೆವು. ಅಂಗಡಿಗೆ ಬೀಗ, ಆ ದಿನದ ವ್ಯಾಪಾರ ಹೋಯಿತು. ಕೂರಲು ಇರುವುದು ಎರಡೇ ಬೆಂಚು, ಒಂದರ ಕಾಲು ಮುರಿದು ಎಷ್ಟೋ ತಿಂಗಳಾಗಿದೆ. ಸರದಿ ಬಂದದ್ದು ಮಧ್ಯಾಹ್ನ ಒಂದೂವರೆಗೆ. 30 ಮಾತ್ರೆಯ ಸೀಲ್ ಡಬ್ಬಿ ಕೊಡಬೇಕಾದವರು ಒಡೆದ ಡಬ್ಬಿಯಿಂದ ಹತ್ತು ಟಿಎಲ್‌ಡಿ (ಮೂರು ಔಷಧ ಒಂದರಲ್ಲೇ ಇರುವ) ಮಾತ್ರೆ ಎಣಿಸಿ, ಕಾಗದದ ಪೊಟ್ಟಣಕ್ಕೆ ಸುರಿದು, ‘ಸ್ಟಾಕ್ ಬಂದಿಲ್ಲ, ಹತ್ತು ದಿನ ಬಿಟ್ಟು ಬನ್ನಿ’ ಅಂದರು. ತೇವ ತಾಗಬಾರದೆಂದೇ ಆ ಡಬ್ಬಿಯೊಳಗೆ ತೇವ ಹೀರುವ ಚೀಟಿ ಹಾಕಿರುತ್ತಾರೆ. ಅತ್ತಿಗೆ ಮಳೆಯಲ್ಲಿ ಬಸ್ ಸ್ಟ್ಯಾಂಡ್‌ವರೆಗೂ ಆ ಪೊಟ್ಟಣವನ್ನು ಸೆರಗಿನಲ್ಲಿ ಸುತ್ತಿ ಎದೆಗವಚಿಕೊಂಡು ನಡೆದರು.

ನನ್ನ ಅಣ್ಣ ತೀರಿಕೊಂಡದ್ದು 2003ರ ನವೆಂಬರ್‌ನಲ್ಲಿ. ಸರ್ಕಾರ ಉಚಿತ ಎಆರ್‌ಟಿ ಶುರು ಮಾಡಿದ್ದು 2004ರ ಏಪ್ರಿಲ್ 1ರಂದು. ನಡುವೆ ಐದೇ ತಿಂಗಳು. ಹೊರಗೆ ಮಾತ್ರೆ ಸಿಗುತ್ತಿತ್ತು, ಎರಡು ಎಮ್ಮೆ ಮಾರಿ ಎಷ್ಟು ತಿಂಗಳು ಕೊಳ್ಳಲಾದೀತು? ಅತ್ತಿಗೆಗೆ 2006ರಲ್ಲಿ ಅದೇ ಔಷಧ ಪುಕ್ಕಟೆ ಸಿಕ್ಕಿತು. ಇಂದಿಗೂ ಇದ್ದಾರೆ, ಮಗಳ ಮದುವೆ ಮಾಡಿದ್ದಾರೆ, ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕಡಿಮೆಯಾಗಿದೆ. ಸಾವು ಇಳಿಯುವುದೆಂದರೆ ನಮ್ಮ ಮನೆಯಲ್ಲಿ ಇದು.

ನಿಮ್ಮ ವರದಿಗಾರರು ಅಂಕಿ ಕೊಟ್ಟರು, ಕಾರಣ ಬರೆಯಲಿಲ್ಲ. 2004ರ ಸುಮಾರಿಗೆ ಜಗತ್ತಿನಲ್ಲಿ ವರ್ಷಕ್ಕೆ 21 ಲಕ್ಷದಷ್ಟು ಜನ ಸಾಯುತ್ತಿದ್ದರು, 2024ರಲ್ಲಿ 6.3 ಲಕ್ಷ. ಅದು ತಾನಾಗಿ ಇಳಿಯಲಿಲ್ಲ. ವರ್ಷಕ್ಕೆ ಹತ್ತು ಸಾವಿರ ಡಾಲರ್‌ಗೂ ಮೇಲಿದ್ದ ಮೂರು ಔಷಧಗಳ ಚಿಕಿತ್ಸೆಯನ್ನು 2001ರಲ್ಲಿ ಮುಂಬೈನ ಔಷಧ ಕಂಪನಿ ಸಿಪ್ಲಾ 350 ಡಾಲರ್‌ಗೆ ಕೊಡುತ್ತೇನೆ ಎಂದ ಮೇಲೆ ಬಡ ದೇಶಗಳಿಗೂ ಬಾಗಿಲು ತೆರೆಯಿತು. ಅದೇ ಕಾಲಕ್ಕೆ ದಕ್ಷಿಣ ಆಫ್ರಿಕಾದಲ್ಲಿ ಅಧ್ಯಕ್ಷ ಎಂಬೆಕಿಯವರ ಸರ್ಕಾರ ಔಷಧವನ್ನೇ ಅನುಮಾನಿಸಿ ತಡ ಮಾಡಿತು. ಆ ತಡಕ್ಕೆ 3.3 ಲಕ್ಷಕ್ಕೂ ಹೆಚ್ಚು ಜೀವ ಹೋದವೆಂದು ಹಾರ್ವರ್ಡ್ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಕುರ್ಚಿಯಲ್ಲಿ ಕೂತವರು ತಡ ಮಾಡಿದರೆ ಸಾಯುವವರು ಸಾಲಿನಲ್ಲಿ ನಿಂತವರು. 2020ಕ್ಕೆ ಸಾವನ್ನು 5 ಲಕ್ಷದ ಕೆಳಗೆ ತರುತ್ತೇವೆ ಎಂದ ವಿಶ್ವಸಂಸ್ಥೆಯ ಗುರಿ 2024ರಲ್ಲೂ ಈಡೇರಿಲ್ಲ. ಇದನ್ನು ಯಾಕೆ ಬರೆಯಲಿಲ್ಲ?

ಒಂದು ದಿನವೂ ಮಾತ್ರೆ ತಪ್ಪಿಸಬಾರದು, ತಪ್ಪಿಸಿದರೆ ವೈರಾಣು ಔಷಧಕ್ಕೆ ಬಗ್ಗುವುದಿಲ್ಲ ಎಂದು ಆಪ್ತಸಮಾಲೋಚಕರು ಪ್ರತಿ ಸಲ ಪಾಠ ಮಾಡುತ್ತಾರೆ. ತಪ್ಪಿಸುವ ಹಾಗೆ ಮಾಡುತ್ತಿರುವವರು ಯಾರು? 2022ರಲ್ಲೂ ಹೀಗೇ ದಾಸ್ತಾನು ಸಾಲದೆ ದೆಹಲಿಯ ನ್ಯಾಕೊ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಕಚೇರಿ ಎದುರು ರೋಗಿಗಳೇ ತಿಂಗಳಿಗೂ ಹೆಚ್ಚು ಕಾಲ ಧರಣಿ ಕೂತಿದ್ದರು. ಅದರಿಂದ ಕಲಿತದ್ದೇನು? ಮೊನ್ನೆ ನಮ್ಮ ಕೇಂದ್ರದ ಸಿಬ್ಬಂದಿ ಹೊರಗೆ ಬಂದು ಅತ್ತಿಗೆಯ ಹೆಸರನ್ನು ಪೂರ್ತಿ ಕೂಗಿದರು. ಎದುರಿಗೆ ಹಲ್ಲು ತೋರಿಸಲು ಬಂದಿದ್ದ ನಮ್ಮೂರಿನವರಿಬ್ಬರು ತಿರುಗಿ ನೋಡಿದರು. ಎಚ್‌ಐವಿ ಇರುವವರ ಗುಟ್ಟು ಕಾಯಬೇಕೆನ್ನುವ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಇಪ್ಪತ್ತು ವರ್ಷ ಡಬ್ಬಿಯ ಲೇಬಲ್ಲನ್ನು ಉಗುರಿನಲ್ಲಿ ಕೆರೆದು ತೆಗೆದೇ ಬಸ್ಸು ಹತ್ತುತ್ತಿದ್ದವರ ಮಾನ ಹೋದದ್ದಕ್ಕೆ ಯಾರು ಜವಾಬ್ದಾರಿ?

ಡಿಸೆಂಬರ್ 1, ವಿಶ್ವ ಏಡ್ಸ್ ದಿನ ಬಂದರೆ ಮಾತ್ರ ಜಾಥಾ. ಹಿಂದಿನ ಸಲ ಶಾಲಾ ಮಕ್ಕಳು ಬ್ಯಾನರ್ ಹಿಡಿದು ಹನ್ನೊಂದರವರೆಗೆ ಬಿಸಿಲಲ್ಲಿ ನಿಂತಿದ್ದರು, ಸಾಹೇಬರು ಆಗ ಬಂದರು. ದೂರು ಹೇಳಿದರೆ ಮೇಲಿನವರು ಕೆಳಗಿನವರನ್ನು ತೋರಿಸುತ್ತಾರೆ, ಕೆಳಗಿನವರು ಬೆಂಗಳೂರನ್ನು ತೋರಿಸುತ್ತಾರೆ.

ಮೂರು ತಿಂಗಳ ಮಾತ್ರೆ ಒಟ್ಟಿಗೆ ಕೊಡಲಿ. ಇಲ್ಲವೇ ತಾಲ್ಲೂಕಿನಲ್ಲೇ ಮಾತ್ರೆ ಕೊಡುವ ಲಿಂಕ್ ಎಆರ್‌ಟಿ ಕೇಂದ್ರಕ್ಕೇ ಕಳಿಸಲಿ. ಮೊದಲು ಯಾರಾದರೂ ಒಬ್ಬ ಅಧಿಕಾರಿ ಆ ಸಾಲಿನಲ್ಲಿ ಬಂದು ನಿಲ್ಲಲಿ. ಗುರುವಾರ ನಾವು ಮತ್ತೆ ಐದೂಮುಕ್ಕಾಲರ ಬಸ್ಸಿಗೆ ಹೊರಡಬೇಕು.

– ಒಬ್ಬ ಓದುಗ
(ಅತ್ತಿಗೆಯ ಕಾರಣಕ್ಕೆ ನನ್ನ ಹೆಸರು, ಊರು ಪ್ರಕಟಿಸಬೇಡಿ)