ಭಾನುವಾರ ಹಳೇ ಟೇಪ್ ತನ್ನಿ

ಎಲ್ರಿಗೂ ನಮಸ್ಕಾರ, ಈ ಭಾನುವಾರ ಬೆಳಗ್ಗೆ ಹತ್ತಕ್ಕೆ ಸೇರ್ತಿದೀವಿ, ಮನೇಲಿ ಬಿದ್ದಿರೋ ಮಿನಿ ಡಿವಿ ಟೇಪ್ (ಹಳೇ ವಿಡಿಯೋ ಕ್ಯಾಮೆರಾದ ಪುಟ್ಟ ಕ್ಯಾಸೆಟ್) ಎಲ್ಲಾ ತಗೊಂಡ್ ಬನ್ನಿ, ಕಂಪ್ಯೂಟರ್‌ಗೆ ಕಾಪಿ ಮಾಡ್ಕೊಳೋಣ. ಅಂಥ ಕ್ಯಾಮೆರಾ ಜೋಡಿಸೋಕೆ ಬೇಕಾದ ಫೈರ್‌ವೈರ್ ಪೋರ್ಟ್ ಇರೋ ಹಳೇ ಲ್ಯಾಪ್‌ಟಾಪ್ ಸಿಕ್ಕಿದೆ, ಆದ್ರೆ ಒಂದ್ ಗಂಟೆ ಟೇಪ್ ಕಾಪಿ ಆಗೋಕೆ ಒಂದ್ ಗಂಟೇನೇ ಬೇಕು, ಸುಮಾರು 13 ಜಿಬಿ ಆಗತ್ತೆ, ಹಾರ್ಡ್‌ಡಿಸ್ಕ್ ನೀವೇ ತರ್ಬೇಕು. ಬೂಷ್ಟು ಹಿಡಿದಿರೋದನ್ನ ದಯವಿಟ್ಟು ಪ್ಲೇ ಮಾಡಿ ನೋಡ್ಬೇಡಿ, ಬೇರೆ ಕವರಲ್ಲಿ ತನ್ನಿ.

2004ರ ಮುಂಬೈ ಡಾಕ್ಯುಮೆಂಟರಿ ಫೆಸ್ಟಿವಲ್‌ಗೆ ನಮ್ಮ ದೇಶದ ಸಿನಿಮಾಗಳಿಗೆ ಮಾತ್ರ ಸೆನ್ಸಾರ್ ಸರ್ಟಿಫಿಕೇಟ್ ಬೇಕು ಅಂದಾಗ ಎದ್ದ ವಿರೋಧದಿಂದ್ಲೇ ಡಾಕ್ಯುಮೆಂಟರಿ ಮಾಡೋರ ಸೆನ್ಸಾರ್ ವಿರೋಧಿ ವೇದಿಕೆ ವಿಕಲ್ಪ ಹುಟ್ಟಿದ್ದಲ್ವಾ, ಆ ಕಾಲದ ಶೂಟಿಂಗ್ ಯಾರ ಹತ್ರ ಇದ್ರೂ ಮೊದ್ಲು ಅದನ್ನೇ ಕಾಪಿ ಮಾಡೋಣ. ಎಡಿಟ್‌ನಲ್ಲಿ ಬಿಟ್ಟಿದ್ದೂ ಮುಖ್ಯಾನೇ, ಪ್ಯಾಡ್.ಮಾ ಅನ್ನೋ ಆನ್‌ಲೈನ್ ವಿಡಿಯೋ ಆರ್ಕೈವ್ 2008ರಿಂದ ಅಂಥ ಫೂಟೇಜನ್ನೇ ಕಾಪಾಡ್ಕೊಂಡ್ ಬಂದಿದೆ. ಎಷ್ಟು ಟೇಪ್ ತರ್ತೀರ ಅಂತ ಇವತ್ತೇ ಇಲ್ಲಿ ಹಾಕಿ.