ಹೂಕುಂಡವಾದ ಮೋಟಾರ್ ಟ್ರಾಲಿ

ಮಾನ್ಯ ಸಂಪಾದಕರೇ,

ರೈಲು ಸಂಗ್ರಹಾಲಯವೊಂದರಲ್ಲಿ, ಹಳಿ ಕೆಲಸಗಾರರು ಓಡಾಡುತ್ತಿದ್ದ ಹಳೆಯ ಮೋಟಾರ್ ಟ್ರಾಲಿಯಲ್ಲಿ ಕೂತು ಹಳಿಯ ಮೇಲೆ ಸುತ್ತಿ ಬರಬಹುದೆಂದು ಭಾನುವಾರದ ಪುರವಣಿಯಲ್ಲಿ ಬಂದ ವರದಿಯನ್ನು ನಂಬಿ, ಮೊಣಕಾಲು ನೋವಿನ ಮಾವನವರನ್ನೂ ಇಬ್ಬರು ಮಕ್ಕಳನ್ನೂ ಕೂರಿಸಿಕೊಂಡು ಮೆಲ್ಬರ್ನಿನಿಂದ ಎರಡು ಗಂಟೆ ಕಾರು ಓಡಿಸಿದ್ದು ನನ್ನದೇ ತಪ್ಪು. ತಲೆಗೆ 15 ಡಾಲರ್ ತೆತ್ತು ಆ ರೈಲು ಸಂಗ್ರಹಾಲಯದ ಒಳಹೊಕ್ಕರೆ ಟ್ರಾಲಿಯ ಚಕ್ರಕ್ಕೆ ಸರಪಳಿ ಬಿಗಿದಿತ್ತು, ಇಂಜಿನ್ನಿಗೆ ಬೆಲ್ಟೇ ಇರಲಿಲ್ಲ, ಹಾರೆ ಗುದ್ದಲಿ ಇಡುವ ತಟ್ಟೆಯಲ್ಲಿ ಜೆರೇನಿಯಂ ಗಿಡಗಳು ನಳನಳಿಸುತ್ತಿದ್ದವು. ಪಕ್ಕದ ಫಲಕ ಅದನ್ನು ‘ಮಕ್ಕಳ ಮಿನಿ ರೈಲು’ ಎಂದು ಕರೆದಿತ್ತು.

ಹುಬ್ಬಳ್ಳಿಯಲ್ಲಿ ಗ್ಯಾಂಗ್‌ಮನ್‌ಗಳ ಜೊತೆ ಮೂವತ್ತು ವರ್ಷ ಹಳಿ ನೋಡಿಕೊಂಡು ನಿವೃತ್ತರಾದ ಮಾವನವರು ಬಗ್ಗಿ, ಚೌಕಟ್ಟಿನೊಳಗೆ ಹುದುಗಿದ್ದ ಹಿಡಿಕೆಯನ್ನು ಹೊರಗೆಳೆದು, ರೈಲು ಬರುವಷ್ಟರಲ್ಲಿ ಇದನ್ನು ಹಿಡಿದೆತ್ತಿ ಗಾಡಿಯನ್ನು ಹಳಿಯಿಂದಾಚೆ ತಿರುಗಿಸಬೇಕಿತ್ತೆಂದು ಮಕ್ಕಳಿಗೆ ತೋರಿಸುತ್ತಿದ್ದಂತೆ, ಮುಟ್ಟಬಾರದೆಂದು ಸಿಬ್ಬಂದಿ ಗದರಿದರು. ಗಿಡ ನೆಡಬಹುದು, ಮುಟ್ಟಬಾರದು!

ಇಲ್ಲಿ ‘ಫೆಟ್ಲರ್’ ಎಂದು ಕರೆಯುವ ಹಳಿ ಕೆಲಸಗಾರರು ಮೊದಲು ತಳ್ಳಿಯೋ ಸನ್ನೆಕೋಲು ಒತ್ತಿಯೋ ಗಾಡಿ ಓಡಿಸಿ, ಕೆಲಸದ ಜಾಗ ಮುಟ್ಟುವಷ್ಟರಲ್ಲೇ ಅರ್ಧ ದಣಿಯುತ್ತಿದ್ದರು. ಅಂಥವರಿಗೆ ಒಂದೇ ಸಿಲಿಂಡರಿನ ಪೆಟ್ರೋಲ್ ಇಂಜಿನ್ ಸಣ್ಣ ವರವೇನಲ್ಲ. ಅಮೆರಿಕದ ಫೇರ್‌ಮಾಂಟ್ ಕಂಪನಿಯ ಹಲವು ಮಾದರಿಗಳಲ್ಲಿ ಗೇರ್‌ಪೆಟ್ಟಿಗೆಯೂ ಇಲ್ಲದೆ, ಇಂಜಿನ್ ತಿರುಗುವ ದಿಕ್ಕನ್ನೇ ಬದಲಿಸಿ ಹಿಂದಕ್ಕೆ ಓಡಿಸುತ್ತಿದ್ದರು. ವಿಕ್ಟೋರಿಯಾದ ಹಳೆಯ ಹಳಿಗಳ ನಡುವಿನ ಅಂತರ 1600 ಮಿಲಿಮೀಟರ್, ನ್ಯೂ ಸೌತ್ ವೇಲ್ಸ್‌ನದು 1435, ಕ್ವೀನ್ಸ್‌ಲ್ಯಾಂಡಿನದು 1067 ಆಗಿದ್ದರಿಂದ ಒಂದು ರಾಜ್ಯದ ಟ್ರಾಲಿ ಇನ್ನೊಂದರ ಹಳಿಯ ಮೇಲೆ ಕೂರುತ್ತಲೇ ಇರಲಿಲ್ಲ. 1917ರಲ್ಲಿ ಪೂರ್ಣಗೊಂಡ ನಲ್ಲಾರ್ಬರ್ ಬಯಲಿನ ರೈಲು ಮಾರ್ಗದಲ್ಲಿ 478 ಕಿಲೋಮೀಟರ್ ಹಳಿ ಒಂದು ತಿರುವೂ ಇಲ್ಲದೆ ಚಾಚಿದೆ. ಅದನ್ನು ನೋಡಿಕೊಂಡವರ ಗಾಡಿಯೂ ಈ ಸಂಗ್ರಹಾಲಯದವರ ಲೆಕ್ಕದಲ್ಲಿ ಆಟಿಕೆಯೇ ಇರಬೇಕು. ರಸ್ತೆಯಲ್ಲೂ ಹಳಿಯಲ್ಲೂ ಓಡುವ ಹೈ-ರೇಲ್ ವಾಹನಗಳು ಬಂದವೆಂದು ಹಳೆಯದನ್ನು ಹೂಕುಂಡ ಮಾಡಬೇಕೆ?

ದೂರು ಕೊಟ್ಟೆ. ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂಬ ಯಾಂತ್ರಿಕ ಉತ್ತರ ಬಂತು. ಎರಡು ವರ್ಷದ ಹಿಂದೆ ಅಲ್ಲಿನ ಶೌಚಾಲಯದ ಬೀಗದ ಬಗ್ಗೆ ಬರೆದಾಗಲೂ ಅಕ್ಷರ ಬದಲಾಗದೆ ಇದೇ ಉತ್ತರ ಬಂದಿತ್ತು. ಬೀಗ ಈಗಲೂ ಇದೆ. ಪಾರ್ಕಿಂಗ್ ದಂಡದ ಚೀಟಿ ಮಾತ್ರ ನಾಲ್ಕೇ ದಿನದಲ್ಲಿ ಮನೆ ತಲುಪಿತ್ತು.

ಆದ್ದರಿಂದ ಸಂಬಂಧಪಟ್ಟವರು ಟ್ರಾಲಿಯನ್ನು ಓಡಿಸಲಿ, ಇಲ್ಲವೇ ಫಲಕವನ್ನಾದರೂ ಕಿತ್ತುಹಾಕಲಿ, ಅಥವಾ ಎರಡನ್ನೂ ಮಾಡಲಿ. ನಿಮ್ಮ ವರದಿಗಾರರೂ ಇನ್ನು ಮುಂದೆ ಸ್ಥಳಕ್ಕೆ ಹೋಗಿ ಬಂದು ಬರೆದರೆ ದೊಡ್ಡ ಉಪಕಾರ. ಗಿಡಕ್ಕೆ ನೀರು ಹಾಕುವವರಿಗೆ ಟ್ರಾಲಿಗೆ ಎಣ್ಣೆ ಹಾಕಲು ಕೈ ಬರುವುದಿಲ್ಲವೇ?

ನೊಂದ ಓದುಗ,
ಮೆಲ್ಬರ್ನ್